ಸ್ಪಷ್ಟನೆ: ಸೇವಾ ಸಂಸ್ಥೆಯ ಸಿಬ್ಬಂದಿಗೆ ಕೊಡುವ ಸಂಬಳ ದೇಣಿಗೆಯ ದುರ್ಬಳಕೆಯಲ್ಲ

ನೌಕರರಿಗೆ ಸಂಬಳ ಕೊಡುವ ಸೇವಾ ಸಂಸ್ಥೆ ‘ಲಾಭರಹಿತ’ ಎನಿಸಿಕೊಳ್ಳುವುದಿಲ್ಲ, ಅದು ದಾನಿಗಳಿಗೆ ಮಾಡುವ ವಂಚನೆ ಎಂಬ ಸಂದೇಶವೊಂದು ಹರಿದಾಡುತ್ತಿದೆ. ಇದು ಸರಿಯಲ್ಲ. ಲಾಭರಹಿತ ಎಂಬುದರ ಅರ್ಥ, ಖರ್ಚು ಕಳೆದು ಉಳಿದ ಹಣವನ್ನು ಸ್ಥಾಪಕರೋ ಸದಸ್ಯರೋ ಹಂಚಿಕೊಳ್ಳದೆ ಸಂಸ್ಥೆಯ ಉದ್ದೇಶಕ್ಕೇ ಬಳಸಬೇಕು ಎಂಬುದಷ್ಟೇ. ಮಾಡಿದ ಕೆಲಸಕ್ಕೆ ತಕ್ಕ ವೇತನ ಕೊಡುವುದನ್ನು ಅದು ತಡೆಯುವುದಿಲ್ಲ. ಸಂಬಳವನ್ನೆಲ್ಲ ಆಡಳಿತ ವೆಚ್ಚವೆಂದು ಲೆಕ್ಕ ಹಾಕುವುದೂ ತಪ್ಪು: ರೋಗಿಯ ಆರೈಕೆ ಮಾಡುವ ದಾದಿಯ ವೇತನವೇ ಅಲ್ಲಿ ನಡೆಯುವ ಸೇವೆಯ ವೆಚ್ಚ. ಪದಾಧಿಕಾರಿಗಳು ಮಿತಿಮೀರಿದ ಸಂಬಳ ಪಡೆಯುತ್ತಿದ್ದರೆ ದಾನಿಗಳು ಲೆಕ್ಕಪತ್ರ ಕೇಳಬೇಕಾದದ್ದೇ, ಆದರೆ ಆ ಅನುಮಾನವನ್ನು ಕೆಳಹಂತದ ಸಿಬ್ಬಂದಿಯ ನ್ಯಾಯಯುತ ವೇತನದ ಮೇಲೂ ಹೊರಿಸುವುದಕ್ಕೆ ಆಧಾರವಿಲ್ಲ.