ಒಪ್ಪಿಗೆ ಅವಳದು, ಸಹಿ ಯಾರದು?

ಊರ ಕಡೆ ಗರ್ಭನಿರೋಧ ಮತ್ತು ಗರ್ಭಪಾತ ಸೇವೆಗಳ ಅಧ್ಯಯನಕ್ಕೆ ಇಂಟರ್ನ್ ಆಗಿ ಸೇರಿದ ಎಂಎಸ್‌ಡಬ್ಲ್ಯೂ ಹುಡುಗಿಯೊಬ್ಬಳು, ಒಪ್ಪಿಗೆ ಪತ್ರದ ಕರಡನ್ನು ನೋಡಿಕೊಡಿ ಎಂದು ಇಲ್ಲಿ ಇಂಗ್ಲೆಂಡಿಗೆ ಕಳಿಸಿದ್ದಳು. ಕೊನೆಗೆ ಎರಡು ಗೆರೆ: ಮಹಿಳೆಯ ಸಹಿ, ಗಂಡ/ಪೋಷಕರ ಸಹಿ. ಎರಡನೆಯದು ಯಾಕಮ್ಮಾ ಅಂದರೆ, "ಆಸ್ಪತ್ರೆಯ ಎಲ್ಲ ಫಾರಂನಲ್ಲೂ ಇರುತ್ತಲ್ಲ ಸರ್!" ಯಾರೂ ಹೇಳಿಕೊಡದೆಯೇ ಕಲಿತಿದ್ದಾಳೆ.

ಕಾನೂನಿನಲ್ಲಿ ಆ ಗೆರೆ ಇಲ್ಲ. 1971ರ ಎಂಟಿಪಿ ಕಾಯ್ದೆ, ಅಂದರೆ ವೈದ್ಯಕೀಯ ಗರ್ಭಪಾತದ ಕಾಯ್ದೆಯ 3(4)ನೇ ಕಲಮು ಕೇಳುವುದು ಗರ್ಭಿಣಿಯ ಒಪ್ಪಿಗೆಯನ್ನು ಮಾತ್ರ. 18 ತುಂಬದವರಿಗೆ, ಮಾನಸಿಕ ಅಸ್ವಸ್ಥರಿಗೆ ಪೋಷಕರದು. ಸಂತಾನಹರಣ ಆಪರೇಷನ್‌ಗೂ ಸರ್ಕಾರಿ ಮಾರ್ಗಸೂಚಿ ಗಂಡನ ಒಪ್ಪಿಗೆ ಬೇಡುವುದಿಲ್ಲ. ಆದರೂ ಆಸ್ಪತ್ರೆಯವರು ಕೇಳುತ್ತಾರೆ, ನಾಳೆ ಗಂಡ ಬಂದು ಗಲಾಟೆ ಮಾಡಿದರೆ ಅಂತ. ಸಹಿ ತರಲಾಗದವಳು ಮೆಡಿಕಲ್ ಶಾಪಿನಿಂದ ಗರ್ಭಪಾತದ ಮಾತ್ರೆಯ ಕಿಟ್ ತರಿಸಿಕೊಳ್ಳುತ್ತಾಳೆ: ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ ಒಂದು, ಮಿಸೊಪ್ರೊಸ್ಟಾಲ್ 200 ಮೈಕ್ರೋಗ್ರಾಂ ನಾಲ್ಕು. ಅದು 9 ವಾರದೊಳಗಿನ ಗರ್ಭಕ್ಕೆ. ಮುಟ್ಟಿನ ಲೆಕ್ಕ ತಪ್ಪಿದ್ದರೆ ಅರ್ಧಂಬರ್ಧ ಗರ್ಭಪಾತ, ನಿಲ್ಲದ ರಕ್ತಸ್ರಾವ. ಗರ್ಭ ನಾಳದಲ್ಲಿ ನಿಂತಿದ್ದರೆ ಮಾತ್ರೆಯಿಂದ ಏನೂ ಆಗದು, ನಾಳ ಒಡೆದರೆ ಜೀವಕ್ಕೇ ಸಂಚಕಾರ.

ಇಲ್ಲಿ ಇಂಗ್ಲೆಂಡಿನಲ್ಲಿ ನರ್ಸ್ ಮೊದಲು ಹೆಂಗಸನ್ನು ಒಬ್ಬಳನ್ನೇ ಒಳಗೆ ಕರೆಯುತ್ತಾಳೆ. ಗಂಡ ಹೊರಗೆ ಕೂರಬೇಕು. ಅವಳಿಗೆ ಇಂಗ್ಲಿಷ್ ಬಾರದಿದ್ದರೆ ಫೋನಿನಲ್ಲಿ ದುಭಾಷಿ ಬರುತ್ತಾರೆ, ಗಂಡ "ನಾನೇ ಹೇಳ್ತೀನಿ" ಅಂದರೂ ಸಾಮಾನ್ಯವಾಗಿ ಒಪ್ಪುವುದಿಲ್ಲ. ನಮ್ಮವರಿಗೆ ಇದು ಅವಮಾನ ಅನ್ನಿಸುವುದನ್ನು ಕಂಡಿದ್ದೇನೆ. ಅನ್ನಿಸಲಿ.

ಊರಿನ ಸಂದರ್ಶನ ನಡೆಯುವುದು ನಡುಮನೆಯಲ್ಲಿ. ಅತ್ತೆ ಕುರ್ಚಿಯಲ್ಲಿ, ಆಶಾ ಕಾರ್ಯಕರ್ತೆ ಪಕ್ಕದಲ್ಲಿ, ಕಾಪರ್-ಟಿ ಪ್ರಶ್ನೆಗೆ ಉತ್ತರ ಅತ್ತೆಯದು. ಇಂಟರ್ನ್ ಒಬ್ಬಳನ್ನೇ ಕಳಿಸಿದರೆ ಇಷ್ಟೇ ಸಿಗುವುದು. ಇಬ್ಬರು ಹೋಗಬೇಕು: ಒಬ್ಬಳು ಮನೆಯ ಯಜಮಾನಿಕೆ, ಬಿಪಿ, ಶುಗರ್ ಅಂತ ಉದ್ದನೆಯ ಪ್ರಶ್ನಾವಳಿ ಹಿಡಿದು ಅತ್ತೆಯ ಬಳಿ ಕೂರಲಿ, ಇನ್ನೊಬ್ಬಳು ಸೊಸೆಯ ಜೊತೆ ಹಿತ್ತಲಿಗೆ. ಕಬ್ಬಿಣದ ಮಾತ್ರೆಯ ಬಗ್ಗೆ ಒಂದು ಪುಟ ಪ್ರಶ್ನೆ ಕೈಯಲ್ಲಿರಲಿ. ಯಾರಾದರೂ ಬಂದರೆ ಕೂಡಲೇ ಅದಕ್ಕೆ ಹೊರಳಬೇಕು. ಎರಡು ವರ್ಷ ದಾಟಿದ ಮಗು ಬಂದರೂ ಅಷ್ಟೇ, ಸಂಜೆ ಅಪ್ಪನ ಮುಂದೆ ಒದರುತ್ತದೆ. ಬಿಟ್ಟುಬರುವ ಮಾಹಿತಿ ಪತ್ರದ ಮೇಲೆ "ಗರ್ಭಪಾತ" ಎಂದಿರಬಾರದು, "ಮಹಿಳೆಯರ ಆರೋಗ್ಯ" ಎಂದಿದ್ದರೆ ಸಾಕು.

ಗಂಡನ ಸಹಿಯ ಗೆರೆ ತೆಗೆಸುವ ಕೆಲಸಕ್ಕೆ ಭಾಷಣ ಬೇಕಿಲ್ಲ. ಆಸ್ಪತ್ರೆಗಳಿಂದ ಖಾಲಿ ಫಾರಂ ಸಂಗ್ರಹಿಸಿ, ಎಂಟಿಪಿ ನಿಯಮಗಳ ಒಪ್ಪಿಗೆ ನಮೂನೆಯಾದ ಫಾರಂ ಸಿ ಪಕ್ಕ ಇಟ್ಟು, ಹೆಚ್ಚುವರಿ ಗೆರೆಗೆ ಕೆಂಪು ಗುರುತು ಹಾಕಿ, ಕಲಮಿನ ಸಂಖ್ಯೆ ಸಮೇತ ಜಿಲ್ಲಾ ಆರೋಗ್ಯಾಧಿಕಾರಿಗೆ ಕೊಡಬೇಕು. ಯಾವ ರೋಗಿಯ ಹೆಸರೂ ಬೇಡ. 5ಎ ಕಲಮಿನ ಪ್ರಕಾರ ಗುಟ್ಟು ಬಿಟ್ಟುಕೊಟ್ಟ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು.

ಇಷ್ಟು ಬೈದ ಮೇಲೆ ಒಪ್ಪಿಕೊಳ್ಳಬೇಕಾದದ್ದೂ ಇದೆ. ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆಯಂತೆ ಇಲ್ಲಿ ಆರಂಭದ ವಾರಗಳಲ್ಲೇ ಇಬ್ಬರು ವೈದ್ಯರ ಸಹಿ ಬೇಕು. ನಮ್ಮಲ್ಲಿ 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬರದೇ ಸಾಕು. ಅವಿವಾಹಿತೆಯರಿಗೂ 24 ವಾರದ ಅವಕಾಶವಿದೆ ಎಂದು ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಮತ್ತೆ, ಅತ್ತೆಯ ಪಕ್ಕ ಕೂತಿದ್ದ ಆ ಆಶಾ ಇಲ್ಲದಿದ್ದರೆ ಇಂಟರ್ನ್‌ಗೆ ಬಾಗಿಲೇ ತೆರೆಯುವುದಿಲ್ಲ. ಇಲ್ಲಿ ಸಂಶೋಧಕರು ಅಂಚೆಯಲ್ಲಿ ಪತ್ರ ಹಾಕಿ ಕಾಯುತ್ತಾರೆ, ಎಷ್ಟೋ ಪತ್ರಕ್ಕೆ ಉತ್ತರವೇ ಬರುವುದಿಲ್ಲ.