ಕ್ಯಾಲಿಫೋರ್ನಿಯಾದ ಸಿ-20, ಬೆಂಗಳೂರಿನ ಎಸಿ ಹುಡುಗ

ಬೆಂಗಳೂರಿನಲ್ಲಿ ಎಸಿ ಕೂರಿಸಲು ಬಂದವನನ್ನು ‘ಲೈಸೆನ್ಸ್ ಇದೆಯೇನಪ್ಪಾ’ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ತೋರಿಸಲು ಅವನ ಹತ್ತಿರ ಏನೂ ಇರುವುದಿಲ್ಲ, ಆ ಕೆಲಸಕ್ಕೆಂದೇ ಸರ್ಕಾರ ಕೊಡುವ ಲೈಸೆನ್ಸ್ ನಮ್ಮಲ್ಲಿಲ್ಲ. ಮನೆಯ ವೈರಿಂಗ್‌ಗಾದರೆ ವಿದ್ಯುತ್ ಪರಿವೀಕ್ಷಣಾಲಯದ ಕಾಂಟ್ರಾಕ್ಟರ್ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮನ್ ಪರ್ಮಿಟ್ ಎಂದು ಮೂರು ಮೆಟ್ಟಿಲಿವೆ. ಅದೇ ಗೋಡೆಗೆ ಒಂದೂವರೆ ಟನ್ನಿನ ಎಸಿ ತೂಗುಹಾಕಿ ಒತ್ತಡದ ಗ್ಯಾಸ್ ತುಂಬುವವನಿಗೆ ಒಂದು ಮೆಟ್ಟಿಲೂ ಇಲ್ಲ. ಐಟಿಐಯಲ್ಲಿ 2 ವರ್ಷದ ರೆಫ್ರಿಜರೇಷನ್ ಮತ್ತು ಏರ್ ಕಂಡೀಷನಿಂಗ್ ಟ್ರೇಡ್ ಇದೆ. ಅದನ್ನು ಓದಿದವನೇ ಈ ಕೆಲಸಕ್ಕೆ ಕೈಹಾಕಬೇಕು ಎಂಬ ಕಟ್ಟಳೆ ಮಾತ್ರ ಇಲ್ಲ.

ಅಮೆರಿಕದಲ್ಲಿರುವ ನಮ್ಮವರು ಊರಿಗೆ ಹೋದಾಗ ‘ಅಲ್ಲಿ ಲೈಸೆನ್ಸ್ ಇಲ್ಲದೆ ಒಂದು ಸ್ಕ್ರೂ ತಿರುಗಿಸೋ ಹಾಗಿಲ್ಲ’ ಎಂದು ಹೇಳಿಬರುವುದುಂಟು. ಅದು ಅರ್ಧ ನಿಜ. ಇಲಿನಾಯ್, ನ್ಯೂಯಾರ್ಕ್ ರಾಜ್ಯಗಳಲ್ಲಿ ಹೀಟಿಂಗ್-ಕೂಲಿಂಗ್ ಕೆಲಸಕ್ಕೆ ರಾಜ್ಯಮಟ್ಟದ ಲೈಸೆನ್ಸೇ ಇಲ್ಲ, ಆಯಾ ಊರಿನ ಆಡಳಿತಕ್ಕೆ ಬಿಟ್ಟಿದ್ದಾರೆ. ಟೆಕ್ಸಸ್‌ನಲ್ಲಿ ಎರಡು ದರ್ಜೆ: ‘ಎ’ ಇದ್ದವನು ಎಷ್ಟು ದೊಡ್ಡ ಯಂತ್ರವನ್ನಾದರೂ ಮುಟ್ಟಬಹುದು, ‘ಬಿ’ ಇದ್ದವನು ಕೂಲಿಂಗ್‌ನಲ್ಲಿ 25 ಟನ್, ಹೀಟಿಂಗ್‌ನಲ್ಲಿ ಗಂಟೆಗೆ 15 ಲಕ್ಷ ಬಿಟಿಯು (ಶಾಖದ ಅಳತೆ) ದಾಟುವಂತಿಲ್ಲ. ಕ್ಯಾಲಿಫೋರ್ನಿಯಾದ ಬಿಗಿ ಇನ್ನೂ ಹೆಚ್ಚು. ನಮ್ಮವರ ಬಾಯಲ್ಲಿ ಬರುವುದೂ ಬಹುಪಾಲು ಅದೇ, ಹಾಗಾಗಿ ಅದನ್ನೇ ಬಿಚ್ಚಿ ನೋಡುವುದು ಒಳ್ಳೆಯದು.

ಅಲ್ಲಿ ಈ ಲೈಸೆನ್ಸಿನ ಹೆಸರು ಸಿ-20. ಕೊಡುವುದು ರಾಜ್ಯದ ಕಾಂಟ್ರಾಕ್ಟರ್ಸ್ ಲೈಸೆನ್ಸ್ ಬೋರ್ಡ್. ಅರ್ಜಿ ಹಾಕುವವನಿಗೆ ಹಿಂದಿನ 10 ವರ್ಷದೊಳಗೆ 4 ವರ್ಷದ ‘ಜರ್ನಿ’ ಮಟ್ಟದ ಅನುಭವ ಇರಬೇಕು. ಹಾಗೆಂದರೆ ಮೇಲೆ ಯಾರೂ ನಿಂತು ಹೇಳಿಕೊಡದೆ ಇಡೀ ಕೆಲಸವನ್ನು ತಾನೇ ಮುಗಿಸಬಲ್ಲವನಾಗಿದ್ದ ಕಾಲ. ಹೆಲ್ಪರ್ ಆಗಿ ಏಣಿ ಹಿಡಿದ ವರ್ಷಗಳು, ಕಲಿಯುತ್ತಿದ್ದ ವರ್ಷಗಳು ಲೆಕ್ಕಕ್ಕಿಲ್ಲ. ಓದಿಗೆ, ಅಪ್ರೆಂಟಿಸ್‌ಶಿಪ್ಪಿಗೆ ಹೆಚ್ಚೆಂದರೆ 3 ವರ್ಷದ ರಿಯಾಯಿತಿ ಸಿಗುತ್ತದೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಇದ್ದವನೂ ಕಡೇಪಕ್ಷ 1 ವರ್ಷ ಕೈ ಮಸಿ ಮಾಡಿಕೊಂಡಿರಲೇಬೇಕು.

ನಮ್ಮ ಕಡೆಯಿಂದ ಬಂದವರ ಅರ್ಜಿ ಎಡವುವುದು ಇಲ್ಲೇ. ಅನುಭವವನ್ನು ಕಣ್ಣಾರೆ ಕಂಡವರೊಬ್ಬರು, ಅಂದರೆ ಮಾಲೀಕನೋ ಫೋರ್‌ಮನ್ನೋ ಜೊತೆಗೆ ದುಡಿದ ಮೆಕ್ಯಾನಿಕ್ಕೋ, ಬೋರ್ಡಿನ ನಮೂನೆಯಲ್ಲಿ ಸಹಿ ಹಾಕಬೇಕು. ಬೋರ್ಡು ಬೆನ್ನುಹತ್ತಿದರೆ ಸಂಬಳದ ಚೀಟಿ, ತೆರಿಗೆ ಕಾಗದ, ಬಿಲ್ಲು ತೋರಿಸಬೇಕು. ಹುಬ್ಬಳ್ಳಿಯಲ್ಲೋ ಮೈಸೂರಲ್ಲೋ 8 ವರ್ಷ ಕೈತುಂಬ ಕೆಲಸ ಮಾಡಿದವನ ದುಡಿಮೆಯೆಲ್ಲ ನಗದಿನಲ್ಲಿ ನಡೆದಿದ್ದರೆ ಆ 8 ವರ್ಷ ಕಾಗದದ ಮೇಲೆ ಸೊನ್ನೆ. ಇನ್ನೊಂದು ತಪ್ಪು, ‘ಎಲ್ಲ ಬಗೆಯ ಎಸಿ ಕೆಲಸ ಮಾಡಿದ್ದಾರೆ’ ಎಂದು ಒಂದೇ ಸಾಲು ಗೀಚುವುದು. ಗಾಳಿ ಹರಿಯುವ ಡಕ್ಟ್ ಕೂರಿಸಿದ್ದು, ಮನೆ ಬೆಚ್ಚಗಿಡುವ ಫರ್ನೇಸ್ ಬದಲಿಸಿದ್ದು, ಕೋಣೆಗೆ ಎಷ್ಟು ತಂಪು, ಎಷ್ಟು ಶಾಖ ಬೇಕೆಂಬ ಲೋಡ್ ಲೆಕ್ಕ ಹಾಕಿದ್ದು, ಥರ್ಮೋಸ್ಟಾಟ್ ವೈರಿಂಗ್ ಮಾಡಿದ್ದು ಎಂದು ಬಿಡಿಬಿಡಿಯಾಗಿ ಬರೆಯದಿದ್ದರೆ ಅರ್ಜಿ ವಾಪಸ್ ಬರುತ್ತದೆ.

ಅರ್ಜಿ ದಾಟಿದರೆ ಬೆರಳಚ್ಚು, ಆಮೇಲೆ ಎರಡು ಪರೀಕ್ಷೆ. ಒಂದು ಕೆಲಸದ್ದು, ಇನ್ನೊಂದು ಕಾನೂನು ಮತ್ತು ವ್ಯವಹಾರದ್ದು. ಒಪ್ಪಂದದಲ್ಲಿ ಏನೇನು ಬರೆದಿರಬೇಕು, ಮುಂಗಡ ಎಷ್ಟು ತೆಗೆದುಕೊಳ್ಳಬಹುದು, ಆಳಿನ ಸಂಬಳದಲ್ಲಿ ಏನು ಹಿಡಿಯಬೇಕು ಎಂಬುದೆಲ್ಲ ಈ ಎರಡನೆಯದರಲ್ಲಿ ಬರುತ್ತದೆ. ಟಾರ್ಚ್ ಹಿಡಿದು ಬೆಸುಗೆ ಹಾಕಿ ತೋರಿಸು ಎಂದು ಎರಡರಲ್ಲೂ ಯಾರೂ ಹೇಳುವುದಿಲ್ಲ. ಕಂಪ್ಯೂಟರ್ ಮುಂದೆ ಕೂತು ಸರಿ ಉತ್ತರ ಒತ್ತಿದರಾಯಿತು.

ಖರ್ಚಿನ ಲೆಕ್ಕ ಹೀಗಿದೆ. ಅರ್ಜಿಗೆ 450 ಡಾಲರ್, ಒಬ್ಬನೇ ಮಾಲೀಕನಾದರೆ ಮೊದಲ ಲೈಸೆನ್ಸಿಗೆ 200 ಡಾಲರ್. ಇದು ಪುಡಿಗಾಸು. ಭಾರ ಬೀಳುವುದು 25,000 ಡಾಲರಿನ ಬಾಂಡಿನಲ್ಲಿ. ಇಡೀ ಮೊತ್ತ ಕಟ್ಟಬೇಕಿಲ್ಲ, ಜಾಮೀನು ಕಂಪನಿಗೆ ವರ್ಷಕ್ಕಿಷ್ಟು ಎಂದು ಪ್ರೀಮಿಯಂ ಕಟ್ಟಬೇಕು. ಕ್ರೆಡಿಟ್ ಚರಿತ್ರೆ ಇಲ್ಲದ ಹೊಸಬರಿಗೆ ಅದು ಏರುತ್ತದೆ. ಬಾಂಡನ್ನು ವಿಮೆ ಎಂದುಕೊಂಡವರು ಬಹಳ. ಗಿರಾಕಿಗೆ ನಷ್ಟವಾದರೆ ಜಾಮೀನು ಕಂಪನಿ ಗಿರಾಕಿಗೆ ಕೊಟ್ಟು, ಆಮೇಲೆ ಆ ಹಣವನ್ನು ಕಾಂಟ್ರಾಕ್ಟರನಿಂದಲೇ ವಸೂಲಿ ಮಾಡುತ್ತದೆ. ಎಲ್‌ಎಲ್‌ಸಿ, ಅಂದರೆ ಸೀಮಿತ ಹೊಣೆಯ ಕಂಪನಿ, ಮಾಡಿಕೊಂಡರೆ ಅದರ ಮೇಲೆ ಇನ್ನೂ 1,00,000 ಡಾಲರಿನ ಬಾಂಡ್ ಬೇರೆ. 2023ರಿಂದ ಸಿ-20 ಇದ್ದವನು ಒಬ್ಬ ಆಳನ್ನೂ ಇಟ್ಟುಕೊಳ್ಳದಿದ್ದರೂ ಕಾರ್ಮಿಕ ಪರಿಹಾರದ ವಿಮೆ ಮಾಡಿಸಲೇಬೇಕು. ಆ ಕಂತು ತಪ್ಪಿ ಪಾಲಿಸಿ ಬಿದ್ದುಹೋದರೆ ಲೈಸೆನ್ಸ್ ಅಮಾನತಾಗುತ್ತದೆ.

ಅಮಾನತಾದರೆ ಏನಾಗುತ್ತದೆ ಎಂಬಲ್ಲಿದೆ ಇಡೀ ವ್ಯವಸ್ಥೆಯ ಹಲ್ಲು. ಲೈಸೆನ್ಸ್ ಚಾಲ್ತಿಯಲ್ಲಿಲ್ಲದೆ ಮಾಡಿದ ಕೆಲಸಕ್ಕೆ ಹಣ ಕೊಡಿಸಿ ಎಂದು ನ್ಯಾಯಾಲಯಕ್ಕೆ ಹೋಗುವ ಹಕ್ಕು ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಅಷ್ಟೇ ಆಗಿದ್ದರೆ ಸರಿ, ಗಿರಾಕಿ ಈಗಾಗಲೇ ಕೊಟ್ಟ ಹಣವನ್ನೂ ವಾಪಸ್ ಕೇಳಬಹುದು. ಕೆಲಸ ಚೊಕ್ಕವಾಗಿದೆ, ಎಸಿ ತಣ್ಣಗೆ ಓಡುತ್ತಿದೆ ಎಂಬ ವಾದ ನಿಲ್ಲುವುದಿಲ್ಲ. ಬಿಟ್ಟಿರುವುದು ಒಂದು ಸಣ್ಣ ಕಿಂಡಿ: ಆಳುಗಳಿಲ್ಲದೆ, ಪರ್ಮಿಟ್ ಬೇಡದ, ಒಟ್ಟು 1,000 ಡಾಲರಿಗಿಂತ ಕಡಿಮೆಯ ಚಿಲ್ಲರೆ ಕೆಲಸ. 2025ಕ್ಕೆ ಮುಂಚೆ ಅದೂ 500 ಡಾಲರೇ ಇತ್ತು. ಮುಂಗಡಕ್ಕೂ ಕಡಿವಾಣವಿದೆ. ಮನೆ ಕೆಲಸಕ್ಕೆ ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಯಾವುದು ಕಡಿಮೆಯೋ ಅಷ್ಟೇ. ‘ಅರ್ಧ ಮುಂಚೆ ಕೊಡಿ ಸಾರ್, ಮೆಟೀರಿಯಲ್ ತರಬೇಕು’ ಎಂಬ ಮಾತು ಅಲ್ಲಿ ಕಾನೂನಿನ ಉಲ್ಲಂಘನೆ.

ಇದಕ್ಕೆ ಪ್ರತಿಯಾಗಿ ಲೈಸೆನ್ಸ್ ಇದ್ದವನಿಗೆ ಸಿಗುವ ಬಲವೂ ಕಡಿಮೆಯದಲ್ಲ, ಅದನ್ನು ನಮ್ಮವರು ಹೇಳುವುದೇ ಇಲ್ಲ. ಗಿರಾಕಿ ಬಾಕಿ ಕೊಡದಿದ್ದರೆ ಕೆಲಸ ಮುಗಿದ 90 ದಿನದೊಳಗೆ ಅವನ ಮನೆಯ ಮೇಲೆಯೇ ಲಿಯನ್, ಅಂದರೆ ಬಾಕಿಯ ಋಣಭಾರ, ದಾಖಲಿಸಬಹುದು. ಬಾಕಿ 10 ಸಾವಿರಕ್ಕಾಗಿ ತಿಂಗಳುಗಟ್ಟಲೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾಯುವ ನಮ್ಮ ಕಾಂಟ್ರಾಕ್ಟರನಿಗೆ ಇಂಥ ಅಸ್ತ್ರ ಇದ್ದಿದ್ದರೆ ಅವನೂ ಅಷ್ಟೊಂದು ಮುಂಗಡ ಕೇಳುತ್ತಿರಲಿಲ್ಲವೇನೋ.

ಇಷ್ಟು ನೋಡಿದ ಮೇಲೆ ಸಿ-20 ಏನೆಂಬುದು ಗೊತ್ತಾಗುತ್ತದೆ. ಕೆಲಸ ಕೆಟ್ಟರೆ ಯಾರ ಕೊರಳುಪಟ್ಟಿ ಹಿಡಿಯಬೇಕೆಂದು ಮೊದಲೇ ಬರೆದಿಟ್ಟುಕೊಳ್ಳುವ ಕಾಗದ ಅದು. ಕೈಚಳಕದ ಸರ್ಟಿಫಿಕೇಟ್ ಎಂದುಕೊಂಡರೆ ಮೋಸ ಹೋದಂತೆ. ಲೈಸೆನ್ಸ್ ಇರುವುದು ಸಂಸ್ಥೆಗೆ, ಅದರಲ್ಲಿ ಪರೀಕ್ಷೆ ಬರೆದವನು ಒಬ್ಬ. ಅಟ್ಟದೊಳಗೆ ತೆವಳಿ ಡಕ್ಟ್ ಜೋಡಿಸುವ ನಾಲ್ಕು ಜನಕ್ಕೆ ಸಿ-20 ಬೇಕಿಲ್ಲ. ಮಾಲೀಕನಿಗೆ ಅರ್ಹತೆ ಇಲ್ಲದಿದ್ದರೆ ಅರ್ಹತೆಯುಳ್ಳ ನೌಕರನೊಬ್ಬನನ್ನು ಇಟ್ಟುಕೊಂಡು ಲೈಸೆನ್ಸ್ ಪಡೆಯಬಹುದು. ಅವನು ವಾರಕ್ಕೆ 32 ಗಂಟೆ, ಅಥವಾ ವ್ಯವಹಾರ ನಡೆಯುವ ಹೊತ್ತಿನ ಶೇಕಡಾ 80, ಎರಡರಲ್ಲಿ ಕಡಿಮೆ ಯಾವುದೋ ಅಷ್ಟು, ನಿಜವಾಗಿ ದುಡಿಯಬೇಕೆಂಬ ನಿಯಮ ಯಾಕೆ ಬಂತು ಎಂದು ಬಿಡಿಸಿ ಹೇಳಬೇಕಿಲ್ಲ. ಹೆಸರು ಬಾಡಿಗೆಗೆ ಕೊಡುವ ವಿದ್ಯೆ ನಮ್ಮ ಊರಿನ ಎಲೆಕ್ಟ್ರಿಕಲ್ ಲೈಸೆನ್ಸುಗಳಿಗಷ್ಟೇ ಮೀಸಲಲ್ಲ.

ಕೈಗೆ ಸಂಬಂಧಿಸಿದ ಕಾಗದ ಬೇರೆಯೇ ಇದೆ. ಅದನ್ನು ಯಾರೂ ಹೊಗಳುವುದಿಲ್ಲ. ಅಮೆರಿಕದ ಶುದ್ಧ ಗಾಳಿ ಕಾಯ್ದೆಯ 608ನೇ ವಿಧಿಯ ಪ್ರಕಾರ, ಗ್ಯಾಸ್ ಹೊರಬೀಳಬಹುದಾದ ಕೆಲಸ ಮಾಡುವ ಪ್ರತಿಯೊಬ್ಬನ ಹತ್ತಿರ ಕೇಂದ್ರ ಪರಿಸರ ಸಂಸ್ಥೆ ಒಪ್ಪಿದ ಕಾರ್ಡ್ ಇರಬೇಕು. ರಾಜ್ಯ ಯಾವುದೇ ಇರಲಿ, ಮಾಲೀಕನಿರಲಿ, ಆಳಿರಲಿ. ಫ್ರಿಜ್ಜಿನಂಥ, ಕಾರ್ಖಾನೆಯಲ್ಲೇ ಮೊಹರಾದ, 5 ಪೌಂಡಿನೊಳಗಿನ ಗ್ಯಾಸಿನ ಸಾಧನಕ್ಕೆ ಟೈಪ್ 1. ಮನೆಯ ಸ್ಪ್ಲಿಟ್ ಎಸಿಯಂಥ ಹೆಚ್ಚು ಒತ್ತಡದವಕ್ಕೆ ಟೈಪ್ 2, ದೊಡ್ಡ ಕಟ್ಟಡ ತಣಿಸುವ ಕಡಿಮೆ ಒತ್ತಡದ ಚಿಲ್ಲರ್ ಯಂತ್ರಗಳಿಗೆ ಟೈಪ್ 3, ಮೂರೂ ಪಾಸಾದರೆ ಯೂನಿವರ್ಸಲ್. ಒಂದೊಂದು ಭಾಗಕ್ಕೆ 25 ಪ್ರಶ್ನೆ, 18 ಸರಿಯಾದರೆ ಪಾಸು. ಒಮ್ಮೆ ಬಂದರೆ ಅವಧಿ ಮುಗಿಯುವುದಿಲ್ಲ. ಗ್ಯಾಸನ್ನು ಬೇಕೆಂದೇ ಗಾಳಿಗೆ ಬಿಡುವುದು 1992ರಿಂದಲೇ ಅಪರಾಧ. ಹಳೆಯ ಯಂತ್ರ ತೆಗೆಯುವ ಮುಂಚೆ ಗ್ಯಾಸನ್ನು ರಿಕವರಿ ಸಿಲಿಂಡರಿಗೆ ಎಳೆದುಕೊಳ್ಳಬೇಕು.

ಇದೂ ಕಾಗದದ ಪರೀಕ್ಷೆಯೇ, ಕೈ ನೋಡುವುದಿಲ್ಲ, ಒಪ್ಪಿದೆ. ಆದರೂ ಇದು ತಲೆಗೆ ತುಂಬುವ ಒಂದು ಅಭ್ಯಾಸ ನಮ್ಮ ಎಸಿಗಳ ಆಯುಷ್ಯವನ್ನೇ ಬದಲಿಸೀತು. ನಮ್ಮಲ್ಲಿ ಮನೆ ಬದಲಿಸುವಾಗ ನಡೆಯುವ ಎಸಿ ಶಿಫ್ಟಿಂಗ್ ನೋಡಿ. ತಾಮ್ರದ ಪೈಪು ಜೋಡಿಸಿ, ಹೊರಗಿನ ಯೂನಿಟ್ಟಿನ ವಾಲ್ವನ್ನು ಎರಡು ಕ್ಷಣ ತಿರುಗಿಸಿ, ಇನ್ನೊಂದು ತುದಿಯ ನಟ್ಟಿನಿಂದ ‘ಸುಯ್’ ಎಂದು ಗ್ಯಾಸ್ ಬಿಟ್ಟು ಒಳಗಿನ ಗಾಳಿ ಓಡಿಸಿದರೆ ಆಯಿತು. ಗಾಳಿ ಬಹುಪಾಲು ಹೋಗುತ್ತದೆ, ಪೈಪಿನ ಗೋಡೆಗೆ ಅಂಟಿದ ತೇವ ಹೋಗುವುದಿಲ್ಲ. ಈಗಿನ ಕಂಪ್ರೆಸರುಗಳ ಪಿಒಇ ಎಣ್ಣೆ ನೀರನ್ನು ಹೀರಿಕೊಂಡು ಆಮ್ಲವಾಗುತ್ತದೆ, ಆಮ್ಲ ಮೋಟಾರಿನ ವೈಂಡಿಂಗನ್ನು ತಿನ್ನುತ್ತದೆ. ಕಂಪ್ರೆಸರ್ ಸುಡುವುದು ಎಷ್ಟೋ ತಿಂಗಳ ನಂತರವಾದ್ದರಿಂದ ಬೈಗುಳ ಕಂಪನಿಗೆ, ಇಲ್ಲವೇ ವೋಲ್ಟೇಜಿಗೆ.

ಸರಿಯಾದ ಕ್ರಮಕ್ಕೆ ಬೇಕಿರುವುದು ಪೈಪಿನೊಳಗಿನ ಗಾಳಿ, ತೇವ ಎಳೆಯುವ ಒಂದು ವ್ಯಾಕ್ಯೂಮ್ ಪಂಪು, ಒಳಗೆ ಉಳಿದ ಒತ್ತಡ ಎಷ್ಟೆಂದು ಅಳೆಯುವ ಒಂದು ಮೈಕ್ರಾನ್ ಗೇಜು, ಒಂದಿಷ್ಟು ತಾಳ್ಮೆ. ಮೊದಲು ನೈಟ್ರೋಜನ್ ತುಂಬಿ ಫ್ಲೇರ್ ಜೋಡಣೆಗಳಿಗೆ (ಪೈಪಿನ ತುದಿ ಅಗಲಿಸಿ ನಟ್ಟಿನಿಂದ ಬಿಗಿದ ಜಾಗಗಳಿಗೆ) ಸೋಪಿನ ನೊರೆ ಹಚ್ಚಿ ನೋಡಬೇಕು. ಆಮೇಲೆ ಪಂಪು ಹಚ್ಚಿ 500 ಮೈಕ್ರಾನಿಗಿಂತ ಕೆಳಗೆ ಎಳೆದು, ವಾಲ್ವ್ ಮುಚ್ಚಿ, ಪಂಪು ನಿಲ್ಲಿಸಿ, 10 ನಿಮಿಷ ಗೇಜನ್ನೇ ನೋಡುತ್ತಾ ಕೂರಬೇಕು. ಅಂಕಿ ಸ್ವಲ್ಪ ಏರಿ ಒಂದು ಕಡೆ ನಿಂತರೆ ಒಳಗೆ ತೇವ ಇದೆ, ಇನ್ನಷ್ಟು ಎಳೆಯಬೇಕು. ನಿಲ್ಲದೆ ಏರುತ್ತಲೇ ಹೋದರೆ ಸೋರಿಕೆ, ಫ್ಲೇರ್ ಮತ್ತೆ ಮಾಡಬೇಕು. ಸಾಮಾನ್ಯ ಗೇಜಿನ ಮುಳ್ಳು ಎರಡನ್ನೂ ‘ಸೊನ್ನೆಗಿಂತ ಕೆಳಗೆ’ ಎಂದಷ್ಟೇ ತೋರಿಸುತ್ತದೆ, ವ್ಯತ್ಯಾಸ ಹೇಳುವುದಿಲ್ಲ.

ಒಂದು ವಿಷಯದಲ್ಲಿ ನಮ್ಮ ಹುಡುಗರೇ ಮುಂದು. ಅಮೆರಿಕದಲ್ಲಿ ಮನೆ ಎಸಿಗೆ ಆರ್-410ಎ ಗ್ಯಾಸಿನ ಹೊಸ ಯಂತ್ರಗಳ ತಯಾರಿ 2025ರ ಜನವರಿ 1ಕ್ಕೆ ನಿಂತು, ಆರ್-32 ಮತ್ತು ಆರ್-454ಬಿ ಬಂದಿವೆ. ಎರಡೂ ನಿಧಾನವಾಗಿ ಬೆಂಕಿ ಹಿಡಿಯುವ ಗುಂಪಿನವು ಎಂದು ಅಲ್ಲಿನವರು ಹೊಸದಾಗಿ ತರಬೇತಿ ಪಡೆಯುತ್ತಿದ್ದಾರೆ. ನಮ್ಮವರು ಆರ್-32ನ್ನು ವರ್ಷಗಳಿಂದ ಬರಿಗೈಯಲ್ಲಿ ನಿಭಾಯಿಸುತ್ತಿದ್ದಾರೆ. ಬರಿಗೈ ಎಂಬುದೇ ಚಿಂತೆಯ ವಿಷಯವೂ ಹೌದು.

ಇನ್ನು ಹೀಟಿಂಗ್. ಕರ್ನಾಟಕದಲ್ಲಿ ಫರ್ನೇಸ್ ಎಲ್ಲಿದೆ ಎಂದು ಕೇಳಬಹುದು. ಬಚ್ಚಲಲ್ಲಿದೆ, ಗ್ಯಾಸ್ ಗೀಸರ್ ಎಂಬ ಹೆಸರಲ್ಲಿ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಏರಿಸಲು ಬರ್ನರು ಗಂಟೆಗೆ ಸುಮಾರು 40,000 ಬಿಟಿಯು ಲೆಕ್ಕದಲ್ಲಿ ಉರಿಯಬೇಕು. ಕೋಣೆಯ ಗಾಳಿಯನ್ನೇ ಉಸಿರಾಡುವ ಬರ್ನರಿಗೆ ಅಮೆರಿಕದ ಸಂಹಿತೆಗಳು ಹಾಕುವ ಸಾಮಾನ್ಯ ಲೆಕ್ಕ 1,000 ಬಿಟಿಯುಗೆ 50 ಘನ ಅಡಿ. ಹಾಗಾಗಿ ಬೇಕಾದದ್ದು 2,000 ಘನ ಅಡಿಯ ಕೋಣೆ. 5 ಅಡಿ ಅಗಲ, 8 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲು 360 ಘನ ಅಡಿ. ಚಳಿಗೆ ವೆಂಟಿಲೇಟರ್ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿದರೆ ಆಮ್ಲಜನಕ ಇಳಿಯುತ್ತದೆ, ಜ್ವಾಲೆ ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಉಗುಳುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲ ಎಂಬ ಸುದ್ದಿ ಪ್ರತಿ ಚಳಿಗಾಲವೂ ಬೆಂಗಳೂರಿನ ಪತ್ರಿಕೆಗಳಲ್ಲಿ ಬರುವುದು ಹೀಗೆ. ಆ ಗೀಸರ್ ಕೂರಿಸಿದವನಿಗೆ ಮೇಲಿನ ಗುಣಾಕಾರ ಯಾರೂ ಹೇಳಿಕೊಟ್ಟಿರುವುದಿಲ್ಲ. ಯಂತ್ರವನ್ನು ಬಚ್ಚಲಿನ ಹೊರಗೋಡೆಗೆ, ತೆರೆದ ಯುಟಿಲಿಟಿಯಲ್ಲಿ ಕೂರಿಸಿ ಪೈಪು ಮಾತ್ರ ಒಳಗೆ ಬಿಟ್ಟಿದ್ದರೆ ಮುಗಿಯುತ್ತಿತ್ತು.

ಆದ್ದರಿಂದ ಅಮೆರಿಕದಿಂದ ಏನಾದರೂ ತರುವುದಿದ್ದರೆ ಸಿ-20 ಬೇಡ ಎಂಬುದು ನನ್ನ ಅನಿಸಿಕೆ. 4 ವರ್ಷದ ದಾಖಲೆ, ಬಾಂಡು, ವಿಮೆ ಎಂದು ಕೂತರೆ ಕಾಗದ ಹೊಂದಿಸಬಲ್ಲ ದೊಡ್ಡ ಏಜೆನ್ಸಿಗಳು ಉಳಿಯುತ್ತವೆ, ಬೈಕಿನ ಹಿಂದೆ ಸಿಲಿಂಡರ್ ಕಟ್ಟಿಕೊಂಡು ಬರುವವನು ಅವರ ಕೈಕೆಳಗೆ ಕಡಿಮೆ ಕೂಲಿಗೆ ಸೇರುತ್ತಾನೆ, ಗ್ಯಾಸ್ ಮೊದಲಿನಂತೆಯೇ ‘ಸುಯ್’ ಎನ್ನುತ್ತದೆ. 608ರಂಥ ಚಿಕ್ಕ ಕಾರ್ಡು ಸಾಕು, ಅಲ್ಲಿಯದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ: ಪ್ರಶ್ನೆಪತ್ರಿಕೆ ಕನ್ನಡದಲ್ಲಿ, ಜೊತೆಗೆ ಐಟಿಐ ಬೆಂಚಿನ ಮೇಲೆ ಒಂದು ಫ್ಲೇರ್, ಒಂದು ವ್ಯಾಕ್ಯೂಮ್, ಗೀಸರಿಗೆ ಒಂದು ಗಾಳಿಲೆಕ್ಕ. ಅದಕ್ಕೆ ಬೇಕಾದ ಕೋಣೆಯೂ ಮೇಷ್ಟ್ರೂ ಈಗಾಗಲೇ ಇದ್ದಾರೆ.

ಕಾರ್ಡ್ ಇದ್ದರೂ ಹುಡುಗ ಪಂಪು ಹಚ್ಚುತ್ತಾನೆಯೇ ಎಂಬ ಪ್ರಶ್ನೆ ಉಳಿಯುತ್ತದೆ. ಅವನಿಗೆ ಕೂಲಿ ಎಸಿಗಿಷ್ಟು ಎಂದು, ಗಂಟೆಗಲ್ಲ. ವ್ಯಾಕ್ಯೂಮಿಗೆ ಮುಕ್ಕಾಲು ಗಂಟೆ ಹೋದರೆ ದಿನದ ಒಂದು ಎಸಿ ಕೈತಪ್ಪುತ್ತದೆ. ಅದಕ್ಕೆ ಕಂಪನಿಗಳು ವಾರಂಟಿ ಕಾರ್ಡಿನಲ್ಲಿ ಎರಡು ಖಾನೆ ಸೇರಿಸಬೇಕು, ಎಷ್ಟು ಮೈಕ್ರಾನಿಗೆ ಇಳಿಯಿತು, 10 ನಿಮಿಷದ ಮೇಲೆ ಎಷ್ಟಿತ್ತು. ಗೇಜಿನ ಫೋಟೋ ಬಂದ ಕೆಲಸಕ್ಕೆ ಆ ಮುಕ್ಕಾಲು ಗಂಟೆಯ ಕೂಲಿಯನ್ನು ಬೇರೆಯಾಗಿ ಕೊಡಬೇಕು.