ಸ್ಪಷ್ಟನೆ: ಪ್ರಾಗ್ ಅರಮನೆ ಅವಿವಾಹಿತೆಯರ ಸೆರೆಮನೆಯಲ್ಲ

'ಮದುವೆ ಒಲ್ಲೆನೆಂದ ಶ್ರೀಮಂತ ಹೆಣ್ಣುಮಕ್ಕಳನ್ನು ರಾಣಿ ಮರಿಯಾ ತೆರೇಸಾ ಸಾಯುವವರೆಗೆ ಕೂಡಿಹಾಕಿದ ಅರಮನೆ' ಎಂಬ ಸಂದೇಶ ಫೋಟೊ ಸಮೇತ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮಾಹಿತಿಯೂ ತಪ್ಪು, ಫೋಟೊವೂ ತಪ್ಪು.

ಹೇಳಹೊರಟಿರುವುದು ಜೆಕ್ ದೇಶದ ಪ್ರಾಗ್ ಕೋಟೆಯೊಳಗಿನ ರೋಸೆನ್‌ಬರ್ಗ್ ಅರಮನೆಯ ಬಗ್ಗೆ. 1755ರಲ್ಲಿ, ಆಗ ಆ ನಾಡನ್ನು ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ರಾಜಮನೆತನದ ಮರಿಯಾ ತೆರೇಸಾ ಅಲ್ಲಿ ಶುರುಮಾಡಿದ್ದು ಆಶ್ರಯ ಸಂಸ್ಥೆ. ಕುಲ ದೊಡ್ಡದಿದ್ದರೂ ಕೈಯಲ್ಲಿ ಕಾಸಿಲ್ಲದ 30 ಅವಿವಾಹಿತ ಮಹಿಳೆಯರಿಗೆ ಅಲ್ಲಿ ಜಾಗವಿತ್ತು. ಸೇರಲು ಕನಿಷ್ಠ 24 ವರ್ಷ ತುಂಬಿರಬೇಕು. ತಂದೆತಾಯಿ ಇಲ್ಲದವರಿಗೆ 18 ಸಾಕು. ಸುಮ್ಮನೆ ಹೋದರೆ ಸೇರಿಸಿಕೊಳ್ಳುತ್ತಿರಲಿಲ್ಲ, ಕುಲೀನ ವಂಶದವರೆಂದು ರುಜುವಾತು ಕೊಡಬೇಕಿತ್ತು. ಬಲವಂತದ ಸೆರೆಗೆ ಇಂಥ ಅರ್ಹತೆ ಕೇಳುತ್ತಾರೆಯೇ?

ಅದು ಸನ್ಯಾಸಿನಿಯರ ಮಠವೂ ಅಲ್ಲ. ಆಜೀವ ವ್ರತವಿರಲಿಲ್ಲ, ಮದುವೆ ಗೊತ್ತಾದರೆ ಸಂಸ್ಥೆ ಬಿಟ್ಟು ಹೋಗಬಹುದಿತ್ತು. ಅದರ ಮುಖ್ಯಸ್ಥೆಗಂತೂ ಬೊಹೆಮಿಯಾದ (ಈಗಿನ ಜೆಕ್ ದೇಶದ ಬಹುಭಾಗ) ರಾಣಿಯರಿಗೆ ಕಿರೀಟ ತೊಡಿಸುವ ಹಕ್ಕಿತ್ತು. ಆ ಸ್ಥಾನಕ್ಕೆ ಹ್ಯಾಬ್ಸ್‌ಬರ್ಗ್ ಮನೆತನದ ರಾಜಕುಮಾರಿಯರೇ ಬರುತ್ತಿದ್ದರು. ಮರಿಯಾ ತೆರೇಸಾಳ ಸ್ವಂತ ಮಗಳು ಮರಿಯಾ ಅನ್ನಾ ಕೂಡ ಅಲ್ಲಿ ಮುಖ್ಯಸ್ಥೆಯಾಗಿದ್ದಳು. ಹ್ಯಾಬ್ಸ್‌ಬರ್ಗ್ ಆಳ್ವಿಕೆ ಮುಗಿದ ಮೇಲೆ, 1919ರಲ್ಲಿ ಸಂಸ್ಥೆ ಮುಚ್ಚಿತು.

ಫೋಟೊದಲ್ಲಿರುವ ಕೆಂಪು ಇಟ್ಟಿಗೆಯ, ಚೂಪು ಗೋಪುರಗಳ ಕಟ್ಟಡ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿರುವ ರೋಸೆನ್‌ಬೋರ್ಗ್. ಅದು ದೊರೆ ನಾಲ್ಕನೇ ಕ್ರಿಶ್ಚಿಯನ್ ಕಟ್ಟಿಸಿದ್ದು. ಉದ್ಯಾನದ ನಡುವೆ ಒಂಟಿಯಾಗಿ ನಿಂತಿದೆ. ಪ್ರಾಗ್‌ನದು ಕೋಟೆಯೊಳಗಿನ ಯಿರ್ಸ್ಕಾ ಬೀದಿಗೆ ಅಂಟಿಕೊಂಡಿದೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಫೋಟೊ ಅದಲುಬದಲಾಗಿರಬೇಕು.

ವಯಸ್ಸು ಮತ್ತು ಸಂಖ್ಯೆಯ ವಿವರ ಪ್ರಾಗ್ ಕೋಟೆಯ ಆಡಳಿತವೇ ಪ್ರಕಟಿಸಿರುವುದು. 2010ರಿಂದ ಈ ಅರಮನೆ ಪ್ರವಾಸಿಗರಿಗೆ ತೆರೆದಿದೆ. ದಯವಿಟ್ಟು ಹಳೆಯ ಸಂದೇಶವನ್ನು ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.